ಇಪ್ಪತ್ತೆರಡು ವೇಸ್ಟ್‌ಕೋಟುಗಳ ಫಿನಿಶಿಂಗ್

ಆ ಟೀಚರ್ ಮೊದಲ ಸಲ ಅಂಗಡಿಗೆ ಬಂದದ್ದು ಬ್ಲೌಸ್ ಹೊಲಿಸಲಿಕ್ಕೆ. ಅಮೆರಿಕದ ಅಟ್ಲಾಂಟಾದ ಪಕ್ಕ ನಾರ್‌ಕ್ರಾಸ್‌ನಲ್ಲಿ ಇಂಡಿಯನ್ ಗ್ರೋಸರಿಯ ಸಾಲಿನಲ್ಲೇ ಇರುವ ಡ್ರೈಕ್ಲೀನಿಂಗ್ ಅಂಗಡಿ ಅದು. ಒಡತಿ ಕೊರಿಯಾದವರು. ಕಿಟಕಿಯ ಪಕ್ಕದ ಮೆಷಿನ್ ನನ್ನದು. ದಿನವಿಡೀ ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ಕೋಟಿನ ಸೊಂಟ ಹಿಡಿಯುವುದು ಇದೇ ಕೆಲಸ. ಬ್ಲೌಸನ್ನೂ ಹೊಲಿಯುತ್ತೇನೆಂದು ತಿಳಿದ ಮೇಲೆ, ಶನಿವಾರ ತರಕಾರಿಗೆ ಬಂದ ನಮ್ಮ ಹೆಂಗಸರು ಹಾಗೆಯೇ ಒಳಗೆ ಇಣುಕಿ ಹೋಗುತ್ತಿದ್ದರು.

ಈ ಟೀಚರ್ ಧಾರವಾಡದವರು. ಹತ್ತಿರದ ಸರಕಾರಿ ಎಲಿಮೆಂಟರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಟೀಚರ್. ಗಂಡ ಇಂಜಿನಿಯರ್. ನಾನು ಅವರು ತಂದ ಅಳತೆ ಬ್ಲೌಸನ್ನು ಮೇಜಿನ ಮೇಲೆ ಹರಡಿ ಸುತ್ತಳತೆ ಹಿಡಿದೆ. ಮೂವತ್ತೈದೂವರೆ. ಟೇಪನ್ನು ಆ ಗುರುತಿನಿಂದ ಒಮ್ಮೆ ಮಡಚಿ, ಇನ್ನೊಮ್ಮೆ ಮಡಚಿ, ಮಡಿಕೆ ಬಿದ್ದಲ್ಲಿ ಉಗುರಿಟ್ಟೆ. ಎಂಟೂಮುಕ್ಕಾಲು, ಮೇಲೊಂದು ಗೆರೆ, ಅಂದರೆ ಇಂಚಿನ ಎಂಟನೇ ಒಂದು. ಬರೆದುಕೊಂಡೆ.

"ಏನ್ ಮಾಡಿದ್ರಿ ಈಗ ನೀವು? ಇನ್ನೊಮ್ಮೆ ಮಾಡಿ ತೋರಸ್ರಿ" ಎಂದರು ಟೀಚರ್.

ಮಾಡಿ ತೋರಿಸಿದೆ. ಅವರು ಟೇಪನ್ನು ತಾವೇ ತೆಗೆದುಕೊಂಡು ಮಡಚಿ ನೋಡಿದರು.

"ಮೂವತ್ತೈದೂವರಿ ಭಾಗಿಲೆ ನಾಕು. ನನ್ನ ಹುಡುಗರು ಕಾಗದದ ಮ್ಯಾಲ ಬರೋಬ್ಬರಿ ಮಾಡ್ತಾರ್ರೀ. ಮಾಡಿದ ಮ್ಯಾಲ, ಅದು ಎಷ್ಟುದ್ದ ಆತು ಕೈಲೆ ತೋರಸ್ರಿ ಅಂದ್ರ, ಒಬ್ಬಂವ ಚೋಟುದ್ದ ತೋರಸ್ತಾನ, ಇನ್ನೊಬ್ಬಂವ ಬಾಗಲದಷ್ಟು ತೋರಸ್ತಾನ."

"ಇದೆಂತ ದೊಡ್ಡ ವಿಷಯ ಟೀಚರ್. ಟೇಪು ಮಡಚಿದ್ದು, ಅಷ್ಟೆ."

"ಅಷ್ಟನ್ನ ನನ್ನ ಕ್ಲಾಸಿಗೆ ಬಂದು ಮಾಡ್ರಿ ಅಣ್ಣಾರ."

"ನಾನಾ? ನಾನು ಏಳನೇ ಫೇಲು."

"ನನಗ ಏಳನೇತ್ತಾ ಯಾಕ ಬೇಕು? ನಾ ಕಲಸೋದು ನಾಕನೇತ್ತಾ."

ನಾನು ನಗಲಿಲ್ಲ. ಏಳನೆಯಲ್ಲಿ ನಾನು ಫೇಲಾದದ್ದು ಗಣಿತದಲ್ಲೇ. ಮರುವರ್ಷ ಅದೇ ಬೆಂಚಿಗೆ ನನ್ನ ತಮ್ಮ ಬರುವವನಿದ್ದ. ಅವನ ಪಕ್ಕ ಕೂರಲು ಮನಸ್ಸಾಗದೆ, ಮಂಗಳೂರಿನಲ್ಲಿ ನಮ್ಮ ಇಗರ್ಜಿ ಅಂದರೆ ಚರ್ಚಿನ ಎದುರಿಗಿದ್ದ ಟೈಲರ್ ಅಂಗಡಿಗೆ ಹೋಗಿ ಗುಂಡಿ ಹೊಲಿಯಲು ಕೂತೆ. ಯಾರೂ ಕಳಿಸಿದ್ದಲ್ಲ, ನಾನೇ ಹೋದದ್ದು. ಹದಿನೆಂಟಕ್ಕೆ ಕೋಟು ಕತ್ತರಿಸುತ್ತಿದ್ದೆ. ನನ್ನ ಕೆಲಸ ಸರಿಯಿಲ್ಲವೆಂದು ಮರಳಿ ಬಂದ ಗಿರಾಕಿ ಇಲ್ಲ. ಹೆಂಡತಿ ನರ್ಸ್. ಅವಳ ಕೆಲಸದ ಮೇಲೆ ಎರಡು ಸಾವಿರದ ಎರಡರಲ್ಲಿ ನಾವು ಅಟ್ಲಾಂಟಾಕ್ಕೆ ಬಂದಾಗ, ಹೆಂಡತಿಯ ಸಂಬಳದಲ್ಲಿ ಕೂತು ತಿನ್ನುವವನೆಂದು ಯಾರೂ ಹೇಳಬಾರದೆಂದು ಮೂರನೇ ವಾರದಲ್ಲೇ ಈ ಮೆಷಿನ್ ಹಿಡಿದವನು ನಾನು. ಇಷ್ಟೆಲ್ಲ ಇದ್ದರೂ ಶಾಲೆ ಎಂದ ಕೂಡಲೇ ನಾನು ಬಗ್ಗಿ ಬ್ಲೌಸಿನ ಅಳತೆಯನ್ನು ಇನ್ನೊಮ್ಮೆ ಬರೆಯತೊಡಗಿದೆ.

ಟೀಚರ್ ಬ್ಲೌಸ್ ಒಯ್ಯಲು ಬಂದಾಗ ಮತ್ತೆ ಕೂತು ವಿಷಯ ಬಿಡಿಸಿ ಹೇಳಿದರು. ಅವರು ಕೆಲವು ಶನಿವಾರ ಅಟ್ಲಾಂಟಾದಲ್ಲಿ ಟೀಚರುಗಳಿಗಾಗಿಯೇ ನಡೆಯುವ ಒಂದು ತರಬೇತಿಗೆ ಹೋಗುತ್ತಿದ್ದರು. ನಾಟಕ, ಕುಣಿತ, ಬಣ್ಣ, ಕೈಕೆಲಸ ಇವುಗಳ ಮೂಲಕವೇ ಗಣಿತ, ವಿಜ್ಞಾನ ಕಲಿಸುವ ಬಗೆ. ಹೊರಗಿನಿಂದ ಯಾರೋ ಬಂದು ಒಂದು ದಿನ ಕುಣಿಸಿ ಹೋದರೆ ಶಾಲೆ ಬದಲಾಗುವುದಿಲ್ಲ, ಒಳಗಿನ ಟೀಚರೇ ಮೊದಲು ಮಾಡಿ ಪಕ್ಕದ ಟೀಚರಿಗೆ ತೋರಿಸಬೇಕು ಎನ್ನುವುದು ಅಲ್ಲಿಯ ಪಾಠ. ಇವರು ಪ್ರಿನ್ಸಿಪಾಲರನ್ನು ಕಾಡಿ ಬೇಡಿ, ವಾರಕ್ಕೆ ಒಂದು ಮಧ್ಯಾಹ್ನ, ಆರು ವಾರದ ಒಪ್ಪಿಗೆ ಪಡೆದಿದ್ದರು. ಕೊನೆಗೆ ಪ್ರಿನ್ಸಿಪಾಲರೂ ಪಕ್ಕದ ಕ್ಲಾಸಿನ ಹಿರಿಯ ಟೀಚರೂ ಬಂದು ನೋಡುತ್ತಾರೆ.

"ನೋಡಿ ಹೌದು ಅಂದ್ರ ಮುಂದಿನ ವರ್ಷನೂ ನಡೀತದ. ಇಲ್ಲಾ ಅಂದ್ರ ಮತ್ತ ಅದ ವರ್ಕ್‌ಶೀಟು, ಅದ ಟೆಸ್ಟು. ಆಮ್ಯಾಲ ನಾ ಇನ್ನೊಮ್ಮೆ ಕೇಳಿದ್ರ ನಕ್ಕು ಕಳಸ್ತಾರ" ಎಂದರು.

ಮಕ್ಕಳು ತಾವೇ ಒಂದು ನಾಟಕ ಬರೆದಿದ್ದರಂತೆ. ರಾಜ ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿಸುತ್ತಾನೆ, ಯಾರಿಗೂ ಆಗುವುದಿಲ್ಲ. ಅದಕ್ಕೆ ಬೇಕಾದ ತೋಳಿಲ್ಲದ ವೇಸ್ಟ್‌ಕೋಟುಗಳನ್ನು ಮಕ್ಕಳೇ ಅಳೆದು, ಕತ್ತರಿಸಿ, ಕೈಯಲ್ಲೇ ಹೊಲಿಯಬೇಕು. ಅಳತೆಯಲ್ಲೇ ಭಿನ್ನರಾಶಿಯ ಪಾಠ.

ಬುಧವಾರ ನನಗೆ ರಜೆ. ಒಪ್ಪಿಕೊಂಡೆ.

ಮೊದಲ ಬುಧವಾರ ನಾನು ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಮನೆಯಲ್ಲಿ ನಮ್ಮದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎರಡು ಸಲ ಇಸ್ತ್ರಿ ಆಯ್ತಲ್ಲ. ಸಣ್ಣದಿರುವಾಗ ಹೀಗೆ ಶಾಲೆಗೆ ಹೋಗಿದ್ರೆ ಮಾಸ್ಟ್ರು ಫೇಲ್ ಮಾಡ್ತಿರ್ಲಿಲ್ಲ."

"ನೀನು ಡ್ಯೂಟಿಗೆ ಹೋಗು ಮಾರಾಯ್ತಿ."

ಶಾಲೆಯ ಆಫೀಸಿನಲ್ಲಿ ನನ್ನ ಹೆಸರು ಬರೆದ ಸ್ಟಿಕರನ್ನು ಎದೆಗೆ ಅಂಟಿಸಿದರು. ಮಕ್ಕಳು ನನ್ನನ್ನು ಮಿಸ್ಟರ್ ಸೇರಿಸಿ ಕರೆದರು. ಇಪ್ಪತ್ತೆರಡು ಮಕ್ಕಳು. ಟೇಪು ಮಡಚುವುದನ್ನು ತೋರಿಸಿದೆ. ನನ್ನ ಇಂಗ್ಲಿಷ್ ಸಾಲದಾದಲ್ಲಿ ಕೈ ಮಾತಾಡಿತು. ಮಡಿಕೆಯ ಮೇಲೆ ಉಗುರಿಡುವಾಗ ಇಪ್ಪತ್ತೆರಡೂ ತಲೆ ಮೇಜಿನ ಮೇಲೆ ಬಗ್ಗಿದ್ದವು. ಅರ್ಧದ ಅರ್ಧ ಕಾಲು, ಕಾಲಿನ ಅರ್ಧ ಒಂದು ಗೆರೆ. ಮೂರನೇ ವಾರಕ್ಕೆ ಮಕ್ಕಳು ಮೇಜು, ಕಿಟಕಿ, ಟೀಚರ ಚಪ್ಪಲಿ ಎಲ್ಲ ಅಳೆದು ನಾಲ್ಕು ಪಾಲು ಮಾಡಿ ಹೇಳುತ್ತಿದ್ದರು. ಪಕ್ಕದ ಕ್ಲಾಸಿನ ಹಿರಿಯ ಟೀಚರ್ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ಚೆನ್ನಾಗಿದೆ, ಆದರೆ ಟೆಸ್ಟಿನಲ್ಲಿ ಟೇಪು ಕೊಡುವುದಿಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದರು.

ಹೊಲಿಗೆ ಶುರುವಾದದ್ದೇ ನನಗೆ ಕಷ್ಟವಾಯಿತು. ಬಟ್ಟೆ ಯಾರೋ ಕೊಟ್ಟ ಹಳೆಯ ದಪ್ಪ ಪರದೆ, ಕಂದು ಬಣ್ಣ. ಅದಕ್ಕೆ ಟೀಚರ್ ಕೆಂಪು ನೂಲು ತಂದಿದ್ದರು. ಬಟ್ಟೆಯ ಬಣ್ಣದ ನೂಲು ಹಾಕಬೇಕೆಂಬುದೂ ತಿಳಿಯದಲ್ಲ ಎಂದುಕೊಂಡೆ, ಹೇಳಲಿಲ್ಲ. ಮಕ್ಕಳ ಹೊಲಿಗೆ ಒಂದು ಕಡೆ ಇರುವೆ ಸಾಲು, ಇನ್ನೊಂದು ಕಡೆ ಕಪ್ಪೆ ಹಾರಿದ ಹಾಗೆ. ಒಂದು ಭುಜ ಮೇಲೆ, ಒಂದು ಕೆಳಗೆ. ನಾನು ಕೈ ಹಾಕಿದಾಗಲೆಲ್ಲ ಟೀಚರ್ "ಇರ್ಲಿ ಬಿಡ್ರಿ" ಎನ್ನುತ್ತಿದ್ದರು. ಮರ್ಯಾದೆಗೆ ಹೇಳುತ್ತಾರೆಂದು ತಿಳಿದೆ. ಪ್ರತಿಯೊಂದು ಮಗುವೂ ಒಂದು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿತ್ತು. ಓದುವ ಗೋಜಿಗೆ ನಾನು ಹೋಗಲಿಲ್ಲ.

ಆರನೇ ವಾರದ ಶುಕ್ರವಾರ ಸಂಜೆ ಟೀಚರ್ ಎರಡು ದೊಡ್ಡ ಚೀಲ ಹೊತ್ತು ಅಂಗಡಿಗೆ ಬಂದರು. ವಾರಾಂತ್ಯ ಶಾಲೆಯ ನೆಲಕ್ಕೆ ಮೇಣ ಹಾಕುತ್ತಾರೆ, ಕ್ಲಾಸಿನಲ್ಲಿ ಏನನ್ನೂ ಬಿಡುವಂತಿಲ್ಲ, ನಿಮ್ಮಲ್ಲಿ ಹ್ಯಾಂಗರ್ ಇದ್ದಾವಲ್ಲ ಎಂದರು. ಸೋಮವಾರ ಮಧ್ಯಾಹ್ನ ಒಂದಕ್ಕೆ ಪ್ರಿನ್ಸಿಪಾಲ್ ಬರುವವರಿದ್ದರು. ಟೀಚರಿಗೆ ಅವಸರ. ಕಾರಿನ ಕೀಲಿ ಕೈಯಲ್ಲೇ ಇತ್ತು.

"ಇನ್ನೂ ಫಿನಿಶಿಂಗ್ ಆಗಿಲ್ರೀ ಅಣ್ಣಾರ. ಸೋಮವಾರ ಮಧ್ಯಾಹ್ನದೊಳಗ ಆಗಬೇಕು."

"ಆಗ್ತದೆ ಟೀಚರ್. ಹೆದರ್ಬೇಡಿ."

ಯಾರು ಮಾಡಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟೈಲರ್ ಅಂಗಡಿಯಲ್ಲಿ ಫಿನಿಶಿಂಗ್ ಎನ್ನುವುದು ಸುಮ್ಮನೆ ಮುಗಿಸುವುದಲ್ಲ. ಹೊಲಿದ ಬಟ್ಟೆಯ ಓರೆಕೋರೆ ತಿದ್ದಿ, ಒಳಗಿನ ಅಂಚು ಕಟ್ಟಿ, ನೂಲಿನ ತುದಿ ಕತ್ತರಿಸಿ, ಇಸ್ತ್ರಿ ಹೊಡೆದು, ಗಿರಾಕಿಯ ಕೈಗೆ ಕೊಡುವಂತೆ ಮಾಡುವುದು. ಹುಡುಗರು ಹೊಲಿದದ್ದನ್ನು ಉಸ್ತಾದ ತಾನೇ ಕೂತು ಫಿನಿಶಿಂಗ್ ಮಾಡುತ್ತಾನೆ. ಅಂಗಡಿಯ ಮಾನ ಇರುವುದು ಅದರಲ್ಲಿ. ಪ್ರಿನ್ಸಿಪಾಲ್ ನೋಡಲು ಬರುವ ಕೆಲಸ, ಟೀಚರ ಮರ್ಯಾದೆಯ ಪ್ರಶ್ನೆ. ಬೇರೆ ಅರ್ಥವೂ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಕೆಂಪು ನೂಲನ್ನೆಲ್ಲ ಬಿಚ್ಚಿದೆ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಮನೆಯ ಮೆಷಿನ್ನಿನಲ್ಲಿ ಕಂದು ನೂಲು ಹಾಕಿ ಹೊಲಿದೆ. ಭುಜ ಸಮ ಮಾಡಿದೆ, ಕತ್ತು ದುಂಡಗೆ ಮಾಡಿದೆ. ಮಕ್ಕಳ ಬಟ್ಟೆಯಲ್ಲಿ ಹೆಚ್ಚಿನದನ್ನು ಕತ್ತರಿಸದೆ ಒಳಗೆ ಬಿಡುವುದು ನಮ್ಮ ಪದ್ಧತಿ. ಬೆಳೆಯುವ ಮೈ, ಮುಂದೆ ಬಿಚ್ಚಿ ದೊಡ್ಡದು ಮಾಡಬಹುದು. ಹಾಗಾಗಿ ಹೆಚ್ಚಿನವುಗಳಲ್ಲಿ ಬಟ್ಟೆ ಒಳಗೇ ಉಳಿಯಿತು. ಆರರಲ್ಲಿ ಮಾತ್ರ ಎಷ್ಟು ಸೊಟ್ಟವಿತ್ತೆಂದರೆ ಕತ್ತರಿಸಲೇಬೇಕಾಯಿತು.

ಹೆಂಡತಿ ಚಹಾ ತಂದಿಟ್ಟು ಕೆಳಗೆ ಬಿದ್ದಿದ್ದ ಕೆಂಪು ನೂಲಿನ ಗುಪ್ಪೆ ನೋಡಿದಳು.

"ಮಕ್ಕಳು ಹೊಲಿದದ್ದಲ್ವಾ? ಟೀಚರನ್ನು ಕೇಳಿದ್ರಾ?"

"ಅವರೇ ಹೇಳಿದ್ದು, ಫಿನಿಶಿಂಗ್ ಆಗ್ಬೇಕು ಅಂತ."

"ಒಂದು ಫೋನ್ ಮಾಡ್ಲಿಕ್ಕೆ ಎಂತ ಆಗ್ತದೆ?"

"ನನ್ನ ಕೆಲಸ ನಂಗೆ ಗೊತ್ತುಂಟು."

ಸೋಮವಾರ ಒಡತಿಗೆ ಹೇಳಿ ಅರ್ಧ ದಿನ ರಜೆ ಮಾಡಿ, ಎಂಟಕ್ಕೆ ಮೊದಲೇ ಶಾಲೆಗೆ ಹೋದೆ. ಇಪ್ಪತ್ತೆರಡು ವೇಸ್ಟ್‌ಕೋಟು, ಹ್ಯಾಂಗರಿನಲ್ಲಿ, ಇಸ್ತ್ರಿ ಮಡಿಕೆ ಕತ್ತಿಯ ಹಾಗೆ. ಕಪ್ಪು ಹಲಗೆಯ ಅಂಚಿಗೆ ಸಾಲಾಗಿ ನೇತು ಹಾಕಿ ಹಿಂದೆ ಸರಿದು ನಿಂತೆ. ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಕಾಣುತ್ತಿದ್ದವು.

ಟೀಚರ್ ಒಳಗೆ ಬಂದರು. ಒಂದನ್ನು ಕೈಗೆ ತೆಗೆದುಕೊಂಡು ಒಳಮೈ ತಿರುವಿ ನೋಡಿದರು. ಇನ್ನೊಂದನ್ನು ನೋಡಿದರು. ಆಮೇಲೆ ಮಕ್ಕಳ ಸಣ್ಣ ಕುರ್ಚಿಯ ಮೇಲೆ ಕೂತರು.

"ಅಣ್ಣಾರ, ಕೆಂಪು ನೂಲು ಎಲ್ಲಿ ಹೋತ್ರೀ?"

"ಬಿಚ್ಚಿ ಬಿಸಾಡಿದೆ ಟೀಚರ್. ಈ ಬಟ್ಟೆಗೆ ಅದು ಆಗುದಿಲ್ಲ."

"ಕಾಣಲಿ ಅಂತನ ಕೆಂಪು ತಂದಿದ್ದೆ ನಾ. ಎಲ್ಲಿ ತಪ್ಪೇತಿ ಅಂತ ಹುಡುಗರಿಗೆ ಕಾಣಲಿ ಅಂತ."

"ನೀವೇ ಹೇಳಿದ್ರಲ್ಲ, ಫಿನಿಶಿಂಗ್ ಆಗ್ಬೇಕು ಅಂತ."

"ಹುಡುಗರು ಮಾಡಬೇಕಿತ್ರೀ. ಗುಂಡಿ ಹಚ್ಚೂದು ಬಾಕಿ ಇತ್ತು. ಇವತ್ತ ಮುಂಜಾನೆ ಮಾಡಸ್ತಿದ್ದೆ."

ಅವರು ಒಂದು ನೋಟ್‌ಬುಕ್ ತೆಗೆದು ನನಗೆ ಓದಿ ಹೇಳಿದರು. ಒಬ್ಬಳು ಹುಡುಗಿ ಬರೆದದ್ದು. ಎಡಭುಜ ನಾಲ್ಕೂವರೆ ಇಂಚು. ಬಲಭುಜ ನಾಲ್ಕು ಇಂಚು, ಮೇಲೊಂದು ಗೆರೆ. ವ್ಯತ್ಯಾಸ ಮೂರು ಗೆರೆ. ಕಾರಣ: ನಾನು ಅಳೆಯುವಾಗ ಗೆಳತಿ ನಕ್ಕಳು. ಪ್ರತಿಯೊಂದು ಪುಸ್ತಕದಲ್ಲೂ ಹೀಗೆ. ಎಷ್ಟು ಬರಬೇಕಿತ್ತು, ಎಷ್ಟು ಬಂತು, ಯಾಕೆ ತಪ್ಪಿತು. ಅದೇ ಪಾಠ. ಪ್ರಿನ್ಸಿಪಾಲರ ಎದುರು ಮಕ್ಕಳು ತಮ್ಮ ಹೊಲಿಗೆಯನ್ನು ತಾವೇ ಅಳೆದು, ಪುಸ್ತಕದ ಜೊತೆ ತಾಳೆ ನೋಡಿ ವಿವರಿಸಬೇಕಾಗಿತ್ತು. ಈಗ ಎರಡೂ ಭುಜ ಸಮ.

"ಇವು ನಿಮ್ಮ ವೇಸ್ಟ್‌ಕೋಟು ಅಣ್ಣಾರ. ಭಾಳ ಚಂದ ಅದಾವು. ಇದನ್ನ ನೋಡಿದ್ರ ಪ್ರಿನ್ಸಿಪಾಲ್ ಏನಂತಾರ, ಒಬ್ಬ ಟೈಲರ್ ಛೊಲೋ ಹೊಲದಾನ ಅಂತಾರ."

ನನಗೆ ಸಿಟ್ಟು ಬಂತು. ಎರಡು ದಿನ ಬೆನ್ನು ಬಗ್ಗಿಸಿ ಮಾಡಿದ ಕೆಲಸಕ್ಕೆ ಈ ಮಾತು. ಇಪ್ಪತ್ತೆಂಟು ವರ್ಷದಿಂದ ಹೊಲಿಯುವವನು ನಾನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಕ್ಕಳು ನುಗ್ಗಿ ಬಂದರು. ಆ ಭುಜದ ಲೆಕ್ಕ ಬರೆದ ಹುಡುಗಿ ಸಾಲಿನ ಉದ್ದಕ್ಕೂ ಹೋಗಿ ಬಂದಳು. ಮತ್ತೊಮ್ಮೆ ಹೋದಳು. ಹೆಸರಿನ ಚೀಟಿ ಇರುವ ಹ್ಯಾಂಗರಿನ ಎದುರು ನಿಂತು, ಇದು ನನ್ನದಲ್ಲ ಎಂದಳು. ಅಳಲಿಲ್ಲ, ಜಗಳ ಮಾಡಲಿಲ್ಲ. ಪರರ ಚಪ್ಪಲಿ ಮೆಟ್ಟಲು ಹೋಗಿ ತಿಳಿದು ಹಿಂದೆ ಸರಿಯುವವರ ಹಾಗೆ ಕೈ ತೆಗೆದುಕೊಂಡಳು.

ಬಾಯಿ ಮುಚ್ಚಿ ಒಂದನ್ನು ಹ್ಯಾಂಗರಿನಿಂದ ತೆಗೆದೆ. ಏನಾದರೂ ಮಾಡಲೇಬೇಕಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಬಟ್ಟೆ ದಪ್ಪ, ಮಕ್ಕಳ ಸೂಜಿ ದಪ್ಪ, ನೂಲು ಜೋಡಿ. ಎಷ್ಟು ಇಸ್ತ್ರಿ ಹೊಡೆದಿದ್ದರೂ ಹಳೆಯ ತೂತುಗಳು ಮುಚ್ಚಿರಲಿಲ್ಲ. ನನ್ನ ಹೊಲಿಗೆಯ ಆಚೀಚೆ, ಇರುವೆ ಸಾಲೂ ಕಪ್ಪೆ ಹಾರಿದ್ದೂ ಬೆಳಕಿನ ಚುಕ್ಕಿಗಳಾಗಿ ಹಾಗೆಯೇ ಇದ್ದವು.

"ಟೀಚರ್, ಇಲ್ಲಿ ಬನ್ನಿ. ಇದು ಹೋಗ್ಲಿಲ್ಲ."

ಅವರು ನೋಡಿದರು. "ಎಷ್ಟರಾಗ ಅದಾವ ಹಿಂಗ?"

"ಹದಿನಾರರಲ್ಲಿ ಉಂಟು. ಆರರಲ್ಲಿ ನಾನು ಕತ್ತರಿ ಹಾಕಿದ್ದೇನೆ. ಅದು ಬರುದಿಲ್ಲ."

"ಬಿಚ್ಚೋದು ಇವರಿಗೆ ಕಲಸ್ರಿ. ನೀವ ಬಿಚ್ಚಬ್ಯಾಡ್ರಿ ಮತ್ತ."

ಹೊಲಿಗೆ ಬಿಚ್ಚುವ ಕೊಕ್ಕೆ ನನ್ನ ಜೇಬಿನಲ್ಲಿ ಯಾವಾಗಲೂ ಎರಡು ಇರುತ್ತವೆ. ಉಳಿದದ್ದಕ್ಕೆ ಮೊಂಡು ಕತ್ತರಿ. ಮಕ್ಕಳು ಕಿಟಕಿಯ ಹತ್ತಿರ ಗುಂಪು ಕಟ್ಟಿದರು. ಬೆಳಕಿಗೆ ಹಿಡಿದು ತಮ್ಮ ಚುಕ್ಕಿ ಸಾಲನ್ನು ಮೊದಲು ಸೀಮೆಸುಣ್ಣದಲ್ಲಿ ಗುರುತು ಮಾಡುವುದು, ಆಮೇಲೆ ನನ್ನ ನೂಲು ಬಿಚ್ಚುವುದು. ಅವರಿಗೆ ಅದೊಂದು ಆಟವಾಯಿತು. ಟೈಲರ್ ನನ್ನ ಭುಜದಲ್ಲಿ ಎರಡು ಗೆರೆ ಕದ್ದಿದ್ದಾನೆ ಎಂದು ಒಬ್ಬ ಕೂಗಿದ. ನನ್ನದರಲ್ಲಿ ಮುಕ್ಕಾಲು ಇಂಚು ಎಂದ ಇನ್ನೊಬ್ಬ. ಪುಸ್ತಕ ತೆರೆದು ಬರೆಯತೊಡಗಿದರು. ನಾಲ್ಕೂವರೆ ಇದ್ದದ್ದು ನಾಲ್ಕೂ ಕಾಲಾಗಿದೆ, ಕಳೆದರೆ ಕಾಲು. ಬರೆಯಿರಿ ಎಂದು ಟೀಚರ್ ಹೇಳಿರಲಿಲ್ಲ.

ಒಂದು ಗಂಟೆಗೆ ಪ್ರಿನ್ಸಿಪಾಲ್ ಮತ್ತು ಪಕ್ಕದ ಕ್ಲಾಸಿನ ಟೀಚರ್ ಬಂದಾಗ ಇನ್ನೂ ಅರ್ಧ ಬಿಚ್ಚುವುದು ಬಾಕಿ. ನೆಲದ ತುಂಬ ಕಂದು ನೂಲು. ನಾಟಕಕ್ಕೆ ಯಾರೂ ವೇಷ ತೊಟ್ಟಿರಲಿಲ್ಲ. ಪ್ರಿನ್ಸಿಪಾಲ್ ಎತ್ತರದ ಹೆಂಗಸು. ಒಂದು ವೇಸ್ಟ್‌ಕೋಟನ್ನು ಎತ್ತಿ, ಇಷ್ಟು ಚೆನ್ನಾಗಿ ಹೊಲಿದದ್ದನ್ನು ಯಾಕೆ ಬಿಚ್ಚುತ್ತಿದ್ದೀರಿ, ಹೊಲಿದದ್ದು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಟೀಚರ್ ನನ್ನ ಕಡೆ ನೋಡದೆಯೇ ಏನೋ ಹೇಳಲು ಹೊರಟರು. ನನ್ನನ್ನು ಉಳಿಸುವ ಮಾತೆಂದು ಗೊತ್ತಾಯಿತು. ನಾನು ಎದ್ದು ನಿಂತೆ.

"ಐ ಡಿಡ್, ಮ್ಯಾಡಮ್. ನೋಬಡಿ ಟೋಲ್ಡ್ ಮಿ. ಚಿಲ್ಡ್ರನ್ ವರ್ಕ್ ವಾಸ್ ಕರೆಕ್ಟ್. ಮೈ ವರ್ಕ್ ಈಸ್ ರಾಂಗ್."

ಗಿರಾಕಿಗಾಗಲಿ ಒಡತಿಗಾಗಲಿ ಹೆಂಡತಿಗಾಗಲಿ ಅಂಥ ಮಾತನ್ನು ನಾನು ಅದುವರೆಗೆ ಹೇಳಿದವನಲ್ಲ. ಇಂಗ್ಲಿಷಿನಲ್ಲಾದ್ದರಿಂದ ಸ್ವಲ್ಪ ಸುಲಭವಾಯಿತೇನೋ.

ಪ್ರಿನ್ಸಿಪಾಲ್ ಮಕ್ಕಳ ಕಡೆ ತಿರುಗಿ, ರಾಂಗ್ ಎಂದರೆ ಎಷ್ಟು ಎಂದು ಕೇಳಿದರು. ಅಷ್ಟೇ ಸಾಕಾಯಿತು. ಹತ್ತಾರು ಕೈ ಮೇಲೆದ್ದವು. ಮೂರು ಗೆರೆ, ಐದು ಗೆರೆ, ಅರ್ಧ ಇಂಚು ಮತ್ತು ಒಂದು ಗೆರೆ. ಒಬ್ಬ ಹುಡುಗ, ಎಡಗಡೆ ಟೈಲರನದೂ ಬಲಗಡೆ ತನ್ನದೂ ಸರಿ ಎಂದು ಲೆಕ್ಕ ಸಮೇತ ವಾದಿಸಿದ. ಪಕ್ಕದ ಕ್ಲಾಸಿನ ಟೀಚರ್ ಒಂದು ಮಗುವಿನ ಪಕ್ಕ ಕೂತು, ಅದರ ಕೈಯಿಂದ ಟೇಪು ತೆಗೆದುಕೊಂಡು ತಾವೂ ಅಳೆದು ನೋಡಿದರು. ಮಗು ಹೇಳಿದ್ದೇ ಬಂತು. ಇನ್ನೊಂದನ್ನು ಅಳೆದರು.

ಕತ್ತರಿ ಹಾಕಿದ್ದ ಆರರಲ್ಲಿ ಒಂದು ಆ ಹುಡುಗಿಯದು. ಅವಳಿಗೆ ಬಿಚ್ಚಲು ಏನೂ ಇರಲಿಲ್ಲ. ಹತ್ತಿರ ಹೋಗಿ, ಹೊಸ ಬಟ್ಟೆ ತರುತ್ತೇನೆ, ಇನ್ನೊಮ್ಮೆ ಹೊಲಿಯುತ್ತೀಯಾ ಎಂದು ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಹಾಗಾದರೆ ನನ್ನ ಗೆಳತಿಯೂ ಇನ್ನೊಮ್ಮೆ ನಗಬೇಕಲ್ಲ ಎಂದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೆಳತಿ ನಕ್ಕದ್ದರಿಂದ ಬಂದ ಮೂರು ಗೆರೆ, ಅದು ಮತ್ತೆ ಹೇಗೆ ಬರುತ್ತದೆ. ಮುಂದಿನ ಬುಧವಾರ ಬಟ್ಟೆ ಒಯ್ದು ಕೊಟ್ಟೆ. ಉಳಿದ ಐವರು ಹೊಲಿದರು, ಅವಳು ಹೊಲಿಯಲಿಲ್ಲ. ಮುಂದೆ ಹಾಕಿದ್ದ ನಾಟಕ ನಡೆದ ದಿನ ಅವಳು ರಾಜನಾದಳು. ರಾಜನಿಗೆ ವೇಸ್ಟ್‌ಕೋಟು ಬೇಡವೆಂದು ಅವಳೇ ಹೇಳಿದ್ದಂತೆ.

ನಾಟಕ ಮುಗಿದ ಮೇಲೆ ಎರಡು ವಾರ ಪ್ರಿನ್ಸಿಪಾಲರ ತೀರ್ಮಾನದ ಸುದ್ದಿ ಇರಲಿಲ್ಲ. ಟೀಚರ್ ಅಂಗಡಿಯ ಕಡೆ ಬಾರದಿದ್ದುದರಿಂದ ಕೆಲಸ ಕೆಟ್ಟಿತೆಂದೇ ನಾನು ತಿಳಿದುಕೊಂಡಿದ್ದೆ. ಹೆಂಡತಿ ಕೇಳಿದಾಗಲೆಲ್ಲ ಬೇರೆ ಮಾತು ತೆಗೆಯುತ್ತಿದ್ದೆ. ಒಂದು ಶನಿವಾರ ಬಂದರು. ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ.

"ಮುಂದಿನ ವರ್ಷ ಇಡೀ ನಾಕನೇತ್ತಾಕ್ಕ ಅಂತ ಕೇಳಿದ್ದೆ. ಎರಡು ಕ್ಲಾಸಿಗೆ ಕೊಟ್ಟಾರ. ಟೆಸ್ಟಿನ್ಯಾಗ ಮಾರ್ಕ್ಸ್ ಇಳೀಬಾರದಂತ. ಇಳದ್ರ ಬಂದ್."

"ಎರಡನೇ ಕ್ಲಾಸು ಯಾರದ್ದು?"

"ಆ ಪಕ್ಕದ ಕ್ಲಾಸಿನ ಹಿರೇರದ್ದ ರೀ. ಅವರ ಕೇಳ್ಯಾರ."

"ಹಾಗಾದ್ರೆ ನಾನು ಬರ್ಬೇಕಾ?"

"ಬರ್ರಿ. ಕತ್ತರಿ ಮಾತ್ರ ನನ್ನ ಕೈಯಾಗ ಕೊಟ್ಟು ಕೂಡಬೇಕು ನೋಡ್ರಿ."

ಬೇಸಿಗೆ ರಜೆಯಲ್ಲಿ ಪಕ್ಕದ ಕ್ಲಾಸಿನ ಆ ಹಿರಿಯ ಟೀಚರ್ ಒಬ್ಬರೇ ಅಂಗಡಿಗೆ ಬಂದರು. ಮೂವತ್ತು ವರ್ಷ ಪಾಠ ಮಾಡಿದವರು. ಮೇಜಿನ ಮೇಲೆ ಒಂದು ವೇಸ್ಟ್‌ಕೋಟು ಇಟ್ಟರು. ಮಕ್ಕಳ ಅಳತೆಯದು, ನೀಲಿ ಬಟ್ಟೆ, ಕೆಂಪು ನೂಲು. ಮಕ್ಕಳಿಗೆ ಕಲಿಸುವ ಮೊದಲು ತಾನು ಮಾಡಿ ನೋಡಬೇಕಲ್ಲ, ಹೇಗಿದೆ ಹೇಳಿ ಎಂದರು. ಕತ್ತು ಒಂದು ಕಡೆ ಜಾರಿತ್ತು, ಬಲ ಪಕ್ಕದ ಹೊಲಿಗೆ ಅರ್ಧದಲ್ಲಿ ದಾರಿ ತಪ್ಪಿತ್ತು. ಎಲ್ಲೆಲ್ಲಿ, ಎಷ್ಟೆಷ್ಟು ಎಂದು ನನಗೆ ಒಂದು ನೋಟಕ್ಕೆ ಗೊತ್ತಾಯಿತು.

ಟೇಪನ್ನು ಅವರ ಕಡೆ ಸರಿಸಿ, ನೀವೇ ನೋಡಿ ಹೇಳಿ ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಅಳೆಯಲು ಕೂತರು. ನಾನು ಮುಂದಿನ ಗಿರಾಕಿಯ ಪ್ಯಾಂಟು ತೆಗೆದುಕೊಂಡೆ.